ಚಾರ್ಜಿಂಗ್ ಟಾರ್ಚಿನ ಬ್ಯಾಟರಿ ಬದಲಾಯಿಸುವುದು ಹೇಗೆ?

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಟಾರ್ಚನ್ನೇ ‘ಬ್ಯಾಟ್ರಿ’ ಎನ್ನುವುದು ರೂಢಿ. ಒಳಗಿನ ಬ್ಯಾಟರಿ ಸತ್ತ ಕೂಡಲೇ ಇಡೀ ಟಾರ್ಚು ಗುಜರಿಗೆ ಹೋಗುವುದಕ್ಕೆ ಈ ಮಾತೂ ಒಂದು ಕಾರಣವಿರಬಹುದು. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ರೇಷ್ಮೆ ಹುಳುಗಳಿಗೆ ನಡುರಾತ್ರಿ ಸೊಪ್ಪು ಹಾಕುವವರಿಗೂ, ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗೆ ಕಾದು ಮೋಟರು ಹಾಕಲು ತೋಟಕ್ಕೆ ಹೋಗುವವರಿಗೂ ಟಾರ್ಚಿಲ್ಲದೆ ಆಗದು. ಎಲ್‌ಇಡಿಯೂ ಸ್ವಿಚ್ಚೂ ಚೆನ್ನಾಗಿದ್ದು ಬ್ಯಾಟರಿಯೊಂದೇ ಹೋಗಿದ್ದರೆ ಅದನ್ನು ಮನೆಯಲ್ಲೇ ಬದಲಾಯಿಸಿಕೊಳ್ಳಬಹುದು.

ತಪ್ಪು ಬ್ಯಾಟರಿಯದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ರಾತ್ರಿಯಿಡೀ ಚಾರ್ಜ್ ಮಾಡಿದರೂ, ಚಾರ್ಜಿನ ಕೆಂಪು ದೀಪ ಉರಿಯುತ್ತಿದ್ದರೂ, ಹೊತ್ತಿಸಿದ ಐದಾರು ನಿಮಿಷಕ್ಕೇ ಬೆಳಕು ಕುಗ್ಗಿದರೆ ಬ್ಯಾಟರಿಯ ಆಯುಸ್ಸು ಮುಗಿದಿದೆ ಎಂದೇ ತಿಳಿಯಬಹುದು.

ಬಿಚ್ಚುವ ಮುನ್ನ ಒಂದು ಎಚ್ಚರಿಕೆ ಅಗತ್ಯ. ಹಿಂಬದಿಯಲ್ಲಿ ಎರಡು ಪಿನ್ನು ಹೊರಬಂದು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ಟಾರ್ಚುಗಳಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. 230 ವೋಲ್ಟ್ ಕರೆಂಟು ಒಂದು ಕೆಪಾಸಿಟರಿನ ಮೂಲಕವೇ ಒಳಗೆ ಇಳಿಯುತ್ತದೆ. ಆದ್ದರಿಂದ ಪ್ಲಗ್ಗಿನಲ್ಲಿದ್ದಾಗ ಒಳಗಿನ ಯಾವ ಭಾಗ ಮುಟ್ಟಿದರೂ ಶಾಕ್ ಹೊಡೆಯಬಹುದು. ಪ್ಲಗ್ಗಿನಿಂದ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಚಾರ್ಜು ಉಳಿದಿರಬಹುದು. ಕಾಲು ಗಂಟೆ ಬಿಟ್ಟು ಬಿಚ್ಚಿ, ಆಮೇಲೂ ಆ ಭಾಗಕ್ಕೆ ಬೆರಳು ತಾಗಿಸಬೇಡಿ.

ಸ್ಕ್ರೂಗಳು ಕಾಣದಿದ್ದರೆ ಸ್ಟಿಕ್ಕರಿನ ಅಡಿಯಲ್ಲಿ ಹುಡುಕಿ. ಮುಚ್ಚಳ ತೆಗೆದ ಕೂಡಲೇ, ಏನನ್ನೂ ಎಳೆಯುವ ಮೊದಲು, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ತಂತಿಯ ಬಣ್ಣವನ್ನಷ್ಟೇ ನಂಬಬಾರದು. ಬ್ಯಾಟರಿಯ ಮೇಲೆ ಅಚ್ಚಾದ ಪ್ಲಸ್, ಮೈನಸ್ ಗುರುತನ್ನೇ ನೋಡಬೇಕು. ಅಟ್ಟದ ಮೇಲೆ ಎರಡು ವರ್ಷ ಮರೆತಿದ್ದ ನಮ್ಮ ಮನೆಯ ಟಾರ್ಚನ್ನು ಬಿಚ್ಚಿದಾಗ ಬ್ಯಾಟರಿಯ ಎರಡು ಪಕ್ಕೆಗಳೂ ಉಬ್ಬಿ ಗೂಡಿಗೆ ಕಚ್ಚಿಕೊಂಡಿದ್ದವು. ತಂತಿ ಕೂಡುವ ಕಡೆ ಸುಣ್ಣದಂಥ ಬಿಳಿ ಪುಡಿ ಕಟ್ಟಿ, ಕೆಂಪು ತಂತಿ ಯಾವುದು, ಕಪ್ಪು ಯಾವುದು ಎಂದು ತಿಳಿಯದಷ್ಟು ಎರಡೂ ಕಂದಿದ್ದವು. ಅಂಥ ಪುಡಿಯಲ್ಲಿ ಆಸಿಡ್ಡಿನ ಅಂಶವೂ ಸೀಸವೂ ಇರುವುದರಿಂದ ಕೈಗೆ ಗ್ಲೌಸ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಬೇಕು, ಬಾಯಿಂದ ಊದಬಾರದು.

ಮುಂದಿನದು ಈ ಕೆಲಸದ ಮುಖ್ಯ ಭಾಗ: ಬ್ಯಾಟರಿ ಯಾವ ಜಾತಿಯದು ಎಂದು ಗುರುತಿಸುವುದು. ಚೌಕಾಕಾರವಾಗಿ, ಕೈಗೆ ತೂಕವಾಗಿದ್ದು ಮೇಲೆ 4 ವೋಲ್ಟ್ ಎಂದು ಬರೆದಿದ್ದರೆ ಅದು ಸೀಸದ ಬ್ಯಾಟರಿ. ತಲಾ 2 ವೋಲ್ಟಿನ ಎರಡು ಸೆಲ್ಲುಗಳು ಅದರೊಳಗಿರುತ್ತವೆ. ಹಗುರವಾಗಿ ದುಂಡಗಿದ್ದು 3.7 ವೋಲ್ಟ್ ಎಂದಿದ್ದರೆ ಅದು ಲಿಥಿಯಂ. ಸಂಖ್ಯೆಗಳು ಹತ್ತಿರವಿವೆಯೆಂದು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಲೇಬಾರದು. ಲಿಥಿಯಂ ಸೆಲ್ಲಿನ ಚಾರ್ಜು 4.2 ವೋಲ್ಟಿಗೆ ನಿಲ್ಲಬೇಕು. ಸೀಸದ ಬ್ಯಾಟರಿಗೆಂದು ಮಾಡಿದ ಚಾರ್ಜರು ಅದನ್ನೂ ದಾಟಿ ಹೋಗುವುದರಿಂದ ಲಿಥಿಯಂ ಸೆಲ್ಲು ಕಾದು ಬೆಂಕಿ ಹತ್ತಬಹುದು. ಉಬ್ಬಿದ ಲಿಥಿಯಂ ಸೆಲ್ಲನ್ನಂತೂ ಒತ್ತಬೇಡಿ, ಚುಚ್ಚಬೇಡಿ.

ಹಳೆಯ ಬ್ಯಾಟರಿಯನ್ನೇ ಅಂಗಡಿಗೆ ಒಯ್ಯುವುದು ಒಳ್ಳೆಯದು. ಜಾತಿ, ವೋಲ್ಟು, ಅಳತೆ ಮೂರೂ ಹೊಂದಬೇಕು. ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಚಾರ್ಜು ಹಿಡಿದಿಡುತ್ತದೆ ಎಂಬ ಅಳತೆ) ಸ್ವಲ್ಪ ಹೆಚ್ಚಿದ್ದರೆ ತೊಂದರೆಯಿಲ್ಲ, ಚಾರ್ಜಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ ಅಷ್ಟೆ. ಸೀಸದ ಬ್ಯಾಟರಿಯಾದರೆ ಅಂಗಡಿಯಲ್ಲೇ ಮಲ್ಟಿಮೀಟರ್ ಹಿಡಿಸಿ ನೋಡಿ: 4 ವೋಲ್ಟಿಗಿಂತ ಕೆಳಗೆ ತೋರಿಸುವುದನ್ನು ಕೊಳ್ಳಬೇಡಿ. ಚಾರ್ಜಿಲ್ಲದೆ ಬಹುಕಾಲ ಕೂತ ಸೀಸದ ಬ್ಯಾಟರಿಯ ತಗಡುಗಳ ಮೇಲೆ ಗಟ್ಟಿ ಸಲ್ಫೇಟ್ ಹರಳು ಕಟ್ಟಿಕೊಳ್ಳುವುದರಿಂದ ಅದು ಹೊಸದಾಗಿದ್ದರೂ ಹಳೆಯದರಂತೆಯೇ ವರ್ತಿಸುತ್ತದೆ.

ಜೋಡಿಸುವಾಗ ಒಂದು ತಂತಿಯ ಕೆಲಸ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈಹಾಕಿ. ಮೊದಲು ಮೈನಸ್ ತಂತಿಯನ್ನು ಬಿಡಿಸಿ, ತುದಿಗೆ ಟೇಪು ಸುತ್ತಿ, ಆಮೇಲೆ ಪ್ಲಸ್ ಬಿಡಿಸಿ. ಹೊಸದಕ್ಕೆ ಪ್ಲಸ್ ಮೊದಲು, ಮೈನಸ್ ಕೊನೆಗೆ. ಸೀಸದ ಬ್ಯಾಟರಿಗೆ ಬೆಸುಗೆ ಹಾಕುವಾಗ ಸೋಲ್ಡರಿಂಗ್ ಐರನ್ನನ್ನು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಊರಬೇಡಿ, ಸುತ್ತಲಿನ ಪ್ಲಾಸ್ಟಿಕ್ ಕರಗಿದರೆ ಆಸಿಡ್ ಸೋರುತ್ತದೆ. ಲಿಥಿಯಂ ಸೆಲ್ಲಿನ ಮೈಗೆ ನೇರ ಬೆಸುಗೆ ಹಾಕದೆ, ತಂತಿ ಕೂಡಿಸಿಯೇ ಮಾರುವಂಥದನ್ನು ಕೊಳ್ಳಬೇಕು. ಮುಚ್ಚಳದಡಿ ತಂತಿ ಸಿಕ್ಕಿಕೊಳ್ಳದಂತೆ ನೋಡಿ ಸ್ಕ್ರೂ ಬಿಗಿದ ನಂತರವೇ ಪ್ಲಗ್ಗಿಗೆ ಹಾಕಿ.

ಚಾರ್ಜು ತಾನಾಗಿ ನಿಲ್ಲುವ ವ್ಯವಸ್ಥೆ ಸೀಸದ ಬ್ಯಾಟರಿಯ ಅಗ್ಗದ ಟಾರ್ಚುಗಳಲ್ಲಿ ಇರುವುದು ಅಪರೂಪ. ಆದ್ದರಿಂದ ಡಬ್ಬದ ಮೇಲೆ ಬರೆದಷ್ಟು ಗಂಟೆಯ ನಂತರ ತೆಗೆಯಬೇಕು. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು.

ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬೇಡಿ. ತಿಪ್ಪೆಯ ಗೊಬ್ಬರ ಹೋಗುವುದು ಹಿಪ್ಪುನೇರಳೆ ತೋಟಕ್ಕೇ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಸೇರಿಸುವಂತಿಲ್ಲ. ಎರಡೂ ತುದಿಗೆ ಟೇಪು ಸುತ್ತಿ, ಹೊಸದನ್ನು ಕೊಂಡ ಅಂಗಡಿಯವರು ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ಇಲ್ಲವಾದರೆ ಬೇರೆಯಾಗಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.