ಬಾಳೆಸಿಪ್ಪೆ ಪುಡಿಯಿಂದ ನೀರಿನ ಲೋಹ ಹೀರಿಸುವುದು: ಮೈಲುತುತ್ತದಲ್ಲಿ ಮಾಡಿ ನೋಡುವ ಕ್ರಮ

ಬಾಳೆಹಣ್ಣಿನ ಸಿಪ್ಪೆಯಲ್ಲಿರುವ ಪೆಕ್ಟಿನ್ (ಜೀವಕೋಶದ ಗೋಡೆಯ ಅಂಟು ವಸ್ತು) ನೀರಿನಲ್ಲಿ ಋಣ ವಿದ್ಯುದಂಶ ಹೊತ್ತಿರುತ್ತದೆ. ಸೀಸ, ತಾಮ್ರ, ಕ್ಯಾಡ್ಮಿಯಂಗಳ ಧನ ಅಯಾನುಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಬದಲಿಗೆ ಅಲ್ಲಿದ್ದ ಕ್ಯಾಲ್ಸಿಯಂ ನೀರಿಗೆ ಬರುತ್ತದೆ. ಆರ್ಸೆನಿಕ್ ಮತ್ತು ಫ್ಲೋರೈಡ್ ಧನ ಅಯಾನುಗಳಲ್ಲ, ಹಾಗಾಗಿ ಅವು ಇದಕ್ಕೆ ಸಿಗುವುದಿಲ್ಲ. ರಾಯಚೂರು, ಯಾದಗಿರಿ ಕಡೆಯ ಆರ್ಸೆನಿಕ್ ಇರುವ ಬಾವಿನೀರಿಗೆ ಬಾಳೆಸಿಪ್ಪೆ ಹಾಕಿದರೆ ನೀರು ಕಂದುಬಣ್ಣಕ್ಕೆ ತಿರುಗುತ್ತದೆ, ವಿಷ ಮಾತ್ರ ಹಾಗೇ ಉಳಿಯುತ್ತದೆ.

ಕಲಿಯಲು ಸೀಸ ಬೇಡ, ತಾಮ್ರ ಸಾಕು. ಬೆಳೆಯ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣಕ್ಕೆ ಹಾಕುವ ಮೈಲುತುತ್ತ (ತಾಮ್ರದ ಸಲ್ಫೇಟ್) ಗೊಬ್ಬರದಂಗಡಿಯಲ್ಲೇ ಸಿಗುತ್ತದೆ, ಫಲಿತಾಂಶ ಕಣ್ಣಿಗೂ ಕಾಣುತ್ತದೆ. ಆದರೂ ಅದು ವಿಷ. ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆ ಬಳಸಬೇಡಿ.

ಒಂದು ಕಿಲೋ ಸಿಪ್ಪೆಯಿಂದ ಸುಮಾರು 100 ಗ್ರಾಂ ಪುಡಿ ಬರುತ್ತದೆ, ಉಳಿದದ್ದೆಲ್ಲ ನೀರು. ಸಿಪ್ಪೆ ತೊಳೆದು, ಬೆರಳಗಲ ಕತ್ತರಿಸಿ, ಮುರಿದರೆ ಚಟ್ಟೆನ್ನುವವರೆಗೆ ಬಿಸಿಲಲ್ಲಿ ಒಣಗಿಸಿ. ಅರೆಒಣಗಿದ್ದು ಮಿಕ್ಸಿಯಲ್ಲಿ ಅಂಟಾಗುತ್ತದೆ, ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಪುಡಿ ಚಿರೋಟಿ ರವೆಯ ಹದದಲ್ಲಿರಲಿ. ಮೈದಾದಷ್ಟು ನುಣ್ಣಗಾದರೆ ಸೋಸುವ ಕಾಗದ ಕಟ್ಟಿಕೊಂಡು ಗಂಟೆಗಟ್ಟಲೆ ಕಾಯಬೇಕಾಗುತ್ತದೆ.

ಹೆಚ್ಚಿನವರು ಅವಸರಪಟ್ಟು ಕೆಡಿಸುವುದು ತೊಳೆಯುವ ಹಂತವನ್ನು. ಪುಡಿಯನ್ನು ಬಿಸಿನೀರಲ್ಲಿ ಕದಡಿ ಬಟ್ಟೆಯಲ್ಲಿ ಹಿಂಡಿ. ಮೊದಲ ನೀರು ಕಪ್ಪು ಚಹಾದಂತಿರುತ್ತದೆ. ಬಣ್ಣ ಬಿಡುವುದು ನಿಲ್ಲುವವರೆಗೂ ಇದನ್ನೇ ಮಾಡುತ್ತಿರಿ. ಆಮೇಲೆ 50 ಗ್ರಾಂ ಪುಡಿಯನ್ನು ಒಂದು ಲೀಟರ್ ಸುಣ್ಣದ ತಿಳಿನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಪೆಕ್ಟಿನ್‌ನ ಕೆಲವು ಗುಂಪುಗಳಿಗೆ ಮೀಥೈಲ್ ಮುಚ್ಚಳವಿರುತ್ತದೆ. ಸುಣ್ಣ ಅದನ್ನು ಕಳಚುತ್ತದೆ, ಲೋಹ ಹಿಡಿಯುವ ಜಾಗ ಹೆಚ್ಚುತ್ತದೆ. ಬೆಳಿಗ್ಗೆ ಡಿಸ್ಟಿಲ್ಡ್ ನೀರಲ್ಲಿ ಮತ್ತೆ ತೊಳೆಯಿರಿ, ಪಿಎಚ್ ಪೇಪರ್ (ನೀರಿನ ಆಮ್ಲ-ಕ್ಷಾರ ಗುಣ ತೋರಿಸುವ ಕಾಗದ) 7ರ ಹತ್ತಿರ ತೋರಿಸುವವರೆಗೆ. ನಂತರ ಪುನಃ ಒಣಗಿಸಿ.

3.93 ಗ್ರಾಂ ಮೈಲುತುತ್ತವನ್ನು ಒಂದು ಲೀಟರ್ ಡಿಸ್ಟಿಲ್ಡ್ ನೀರಲ್ಲಿ ಕರಗಿಸಿದರೆ ಲೀಟರಿಗೆ 1000 ಮಿಲಿಗ್ರಾಂ ತಾಮ್ರ. ಅದರಲ್ಲಿ 100 ಮಿಲಿಯನ್ನು ಒಂದು ಲೀಟರಿಗೆ ಏರಿಸಿದರೆ 100 ಮಿಲಿಗ್ರಾಂ. ಬೋರ್‌ವೆಲ್ ನೀರು ಬೇಡ. ಅದರ ಕಾರ್ಬೊನೇಟ್ ತಾಮ್ರವನ್ನು ಗಸಿಯಾಗಿಸುತ್ತದೆ, ಕ್ಯಾಲ್ಸಿಯಂ ಜಾಗಕ್ಕೆ ಪೈಪೋಟಿ ಕೊಡುತ್ತದೆ.

ಮೂರು ಬಾಟಲಿ ಇಡಿ: ಮೊದಲನೆಯದರಲ್ಲಿ ಹೀಗೆ ತೆಳುಮಾಡಿದ ತಾಮ್ರದ ನೀರು 100 ಮಿಲಿ, ಎರಡನೆಯದರಲ್ಲಿ ಅಷ್ಟೇ ನೀರಿಗೆ 1 ಗ್ರಾಂ ಪುಡಿ, ಮೂರನೆಯದರಲ್ಲಿ ಬರೀ ಡಿಸ್ಟಿಲ್ಡ್ ನೀರಿಗೆ 1 ಗ್ರಾಂ ಪುಡಿ. ಒಂದು ಗಂಟೆ ಆಗಾಗ ಕುಲುಕಿ, ಮೂರನ್ನೂ ಒಂದೇ ಬಗೆಯ ಕಾಗದದಲ್ಲಿ ಸೋಸಿ. ಗಾಳಿಯಾಡುವ ಕಡೆ ನಿಂತು ತಲಾ ಹತ್ತು ಹನಿ ಅಮೋನಿಯಾ ಹಾಕಿ, ತಾಮ್ರವಿದ್ದರೆ ಅದು ಗಾಢ ನೀಲಿಯಾಗುತ್ತದೆ. ಬಿಳಿ ಕಾಗದದ ಮೇಲೆ ಎತ್ತರದ ಗ್ಲಾಸುಗಳಲ್ಲಿಟ್ಟು ಮೇಲಿನಿಂದ ನೋಡಿ: ಮೊದಲನೆಯದು ಸ್ಪಷ್ಟ ನೀಲಿ, ಎರಡನೆಯದರ ನೀಲಿ ಇಳಿದಿರಬೇಕು. ಮೂರನೆಯದು ಕಂದಾಗಿದ್ದರೆ ಪುಡಿ ಸಾಕಷ್ಟು ತೊಳೆದಿಲ್ಲ ಎಂದರ್ಥ.

ಅಮೋನಿಯಾ ಹಾಕುವ ಮೊದಲು, ಪುಡಿ ಬೆರೆಸಿದ ತಾಮ್ರದ ನೀರಿನ ಪಿಎಚ್ 5ರ ಆಸುಪಾಸಿನಲ್ಲಿರಲಿ. 3ಕ್ಕಿಂತ ಕೆಳಗಿಳಿದರೆ ಹೈಡ್ರೋಜನ್ ಅಯಾನುಗಳೇ ಜಾಗ ಹಿಡಿದು ಲೋಹವನ್ನು ಹೊರಗಿಡುತ್ತವೆ. 6 ದಾಟಿದರೆ ಇನ್ನೊಂದು ಮೋಸ: ಸುಣ್ಣದ ಶೇಷದಿಂದ ತಾಮ್ರ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತದೆ, ನಾವು ಬಾಳೆಸಿಪ್ಪೆ ಗೆದ್ದಿತೆಂದು ಬರೆದುಕೊಳ್ಳುತ್ತೇವೆ. ಅನುಮಾನವಿದ್ದರೆ ಪುಡಿಯಿಲ್ಲದ ತಾಮ್ರದ ನೀರನ್ನು ಸುಣ್ಣದ ತಿಳಿಯಿಂದ ಅದೇ ಪಿಎಚ್‌ಗೆ ತಂದು ಸೋಸಿ, ಅಮೋನಿಯಾ ಹಾಕಿ ನೋಡಿ. ಅಲ್ಲೂ ನೀಲಿ ಮಾಯವಾದರೆ ಕೆಲಸ ಮಾಡಿದ್ದು ಸುಣ್ಣ.

ಈ ನೀರನ್ನು ಕುಡಿಯಬೇಡಿ. ಶೇಕಡಾ 99 ತಾಮ್ರ ಹೋದರೂ ಲೀಟರಿಗೆ 1 ಮಿಲಿಗ್ರಾಂ ಉಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500:2012ರ ಸ್ವೀಕಾರಾರ್ಹ ಮಿತಿ 0.05, ಅಂದರೆ ಇಪ್ಪತ್ತು ಪಟ್ಟು ಹೆಚ್ಚು. ಸೀಸದ ಮಿತಿ ಇನ್ನೂ ಬಿಗಿ, 0.01 ಮಿಲಿಗ್ರಾಂ. ಅದನ್ನು ಯಾವ ಬಣ್ಣವೂ ಕಣ್ಣಿಗೆ ತೋರಿಸದು. ಮನೆಯ ನೀರಿನ ಬಗ್ಗೆ ಸಂಶಯವಿದ್ದರೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೇ ಕೊಡಿ. ಒದ್ದೆ ಪುಡಿ ನೀರಲ್ಲೇ ಇದ್ದರೆ ಕೊಳೆತು ನಾರುತ್ತದೆ, ಫಿಲ್ಟರ್ ಮಾಡಿ ಮನೆಯಲ್ಲಿಡಲು ಅದೂ ಒಂದು ಅಡ್ಡಿ.

ಬಳಸಿದ ಪುಡಿಯನ್ನು ತಿಪ್ಪೆಗೆ ಹಾಕಬೇಡಿ, ದನಕ್ಕೆ ಹಾಕಬೇಡಿ, ಸುಡಬೇಡಿ. ನೀರಲ್ಲಿದ್ದ ಲೋಹವೆಲ್ಲ ಈಗ ಅದರಲ್ಲಿದೆ. 0.1 ಮೋಲಾರ್‌ನಷ್ಟು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರ್ಧ ಗಂಟೆ ಇಟ್ಟರೆ ಲೋಹ ಬಿಟ್ಟುಕೊಡುತ್ತದೆ, ಪುಡಿಯನ್ನು ತೊಳೆದು ಮತ್ತೆ ಬಳಸಬಹುದು. ಆದರೆ ಆಮ್ಲವನ್ನು ನೀರಿಗೆ ಸೇರಿಸಿ ತೆಳುಮಾಡುವ ಆ ಕೆಲಸ ಕಾಲೇಜಿನ ಲ್ಯಾಬಿನಲ್ಲೇ ಆಗಲಿ. ಉಳಿದ ತಾಮ್ರದ ನೀರಿಗೆ ಪಿಎಚ್ 8–9 ಬರುವಷ್ಟು ಸುಣ್ಣ ಹಾಕಿ ಒಂದು ರಾತ್ರಿ ಬಿಡಿ. ಅಮೋನಿಯಾ ಹಾಕಿದ್ದನ್ನು ಮಾತ್ರ ಇದಕ್ಕೆ ಬೆರೆಸಬೇಡಿ, ಅದರಲ್ಲಿ ತಾಮ್ರ ಗಸಿಯಾಗದೆ ಕರಗಿಯೇ ಇರುತ್ತದೆ. ತಳದ ನೀಲಿ ಗಸಿಯನ್ನು ಒಣಗಿಸಿ, ಡಬ್ಬಿಗೆ ಹಾಕಿ, ‘ತಾಮ್ರ – ವಿಷ’ ಎಂದು ಚೀಟಿ ಅಂಟಿಸಿ. ಅಮೋನಿಯಾ ಬೆರೆತ ನೀರಿನ ಜೊತೆ ಅದನ್ನೂ ಕಾಲೇಜಿನ ರಾಸಾಯನಿಕ ತ್ಯಾಜ್ಯಕ್ಕೆ ಒಪ್ಪಿಸಿ.