ಪಿಸಿಒಡಿಗೆ ಪುದೀನ, ಚಕ್ಕೆ: ಶುರು ಮಾಡುವುದು ಹೇಗೆ?

ಪಿಸಿಒಡಿ ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ. ಅದು ಇರುವ ನನ್ನ ಅಕ್ಕನ ಮಗಳು ಒಂದೇ ವಾರದಲ್ಲಿ ಮೆಂತ್ಯದ ನೀರು, ಚಕ್ಕೆ ಕಷಾಯ, ಆನ್‌ಲೈನ್‌ನಲ್ಲಿ ತರಿಸಿದ ಪುಡಿ ಎಲ್ಲವನ್ನೂ ಶುರು ಮಾಡಿದಳು. ತಲೆಸುತ್ತು ಬಂತು. ಯಾವುದರಿಂದ ಅಂತ ಡಾಕ್ಟರಿಗೂ ಹೇಳೋಕೆ ಆಗಲಿಲ್ಲ. ಎಷ್ಟೋ ಮನೆಗಳಲ್ಲಿ ಇದೇ ಕತೆ.

ಮೊದಲು ಪರೀಕ್ಷೆ ಮಾಡಿಸಿ. ಥೈರಾಯ್ಡ್ ತೊಂದರೆಯಿಂದಲೂ ಮುಟ್ಟು ಏರುಪೇರಾಗುತ್ತದೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಆಮೇಲೆ ಒಂದನ್ನು ಮಾತ್ರ ಆರಿಸಿಕೊಳ್ಳಿ. ನಾನು ಹೇಳುವುದು ಪುದೀನ ಟೀ. ಹಾಲು, ಸಕ್ಕರೆ ಬೇಡ, ದಿನಕ್ಕೆ ಎರಡು ಲೋಟ. 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಪಿಸಿಒಎಸ್ (ಪಿಸಿಒಡಿಯ ಇನ್ನೊಂದು ಹೆಸರು) ಇದ್ದ ಹೆಂಗಸರು ಸ್ಪಿಯರ್‌ಮಿಂಟ್ ಪುದೀನದ ಟೀಯನ್ನು 30 ದಿನ ಹೀಗೇ ಕುಡಿದರು. ಬೇಡದ ಕೂದಲಿಗೆ ಕಾರಣವಾಗುವ ಟೆಸ್ಟೋಸ್ಟೆರಾನ್ ಹಾರ್ಮೋನ್ ರಕ್ತದಲ್ಲಿ ಇಳಿಯಿತು. ಆದರೆ ವೈದ್ಯರು ಅಳೆದು ನೋಡಿದಾಗ ಮೈಮೇಲಿನ ಬೇಡದ ಕೂದಲು ಕಡಿಮೆ ಆಗಿರಲಿಲ್ಲ. ತಿಂಗಳಲ್ಲಿ ಗಡ್ಡದ ಕೂದಲು ಹೋಗುತ್ತದೆ ಎನ್ನುವ ಪ್ಯಾಕೆಟ್ ಕಂಡರೆ ವಾಪಸ್ ಇಟ್ಟುಬಿಡಿ.

ಜಾಸ್ತಿ ಜನ ಎಡವುವುದು ಚಕ್ಕೆಯಲ್ಲಿ. ದಿನಸಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಕ್ಯಾಸಿಯಾ. ದಪ್ಪ ತೊಗಟೆ, ಒಂದೇ ಪದರ, ಮುರಿಯಲು ಕಷ್ಟ. ಸಿಲೋನ್ ಚಕ್ಕೆಯಲ್ಲಿ ಕಾಗದದಂಥ ತೆಳು ಪದರಗಳು ಒಂದರೊಳಗೊಂದು ಸುತ್ತಿಕೊಂಡಿರುತ್ತವೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತವೆ. ವ್ಯತ್ಯಾಸ ಬರೀ ರುಚಿಯದಲ್ಲ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಜಾಸ್ತಿ ಇರುತ್ತದೆ, ಅದು ದಿನವೂ ಹೆಚ್ಚು ಸೇರಿದರೆ ಕೆಲವರ ಲಿವರಿಗೆ ಪೆಟ್ಟು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಇಟ್ಟಿರುವ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. ಅಂದರೆ 60 ಕಿಲೋ ತೂಕದವರಿಗೆ ದಿನಕ್ಕೆ 6 ಮಿಲಿಗ್ರಾಂ. ಒಂದು ಟೀ ಚಮಚ ಕ್ಯಾಸಿಯಾ ಪುಡಿ ಸಾಕು, ಈ ಮಿತಿ ದಾಟಿಬಿಡಬಹುದು. ಪಲಾವ್‌ಗೆ ಹಾಕುವ ಒಂದು ತುಂಡಿಗೆ ಹೆದರಬೇಕಿಲ್ಲ, ದಿನಾ ಚಮಚಗಟ್ಟಲೆ ಕುಡಿಯುವುದೇ ತೊಂದರೆ. ಪುಡಿಯಾದ ಮೇಲೆ ಯಾವ ಚಕ್ಕೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಪುಡಿ ಕೊಳ್ಳಲೇಬೇಡಿ. ಸಿಲೋನ್ ಚಕ್ಕೆಯ ಸುರುಳಿ ತಂದು ಮನೆಯಲ್ಲೇ ಮಿಕ್ಸಿಗೆ ಹಾಕಿ. ಲಿವರ್ ತೊಂದರೆ ಇದ್ದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಚಕ್ಕೆ ಕಷಾಯದ ತಂಟೆಗೆ ಹೋಗಬೇಡಿ.

ಮೆಂತ್ಯ ಸಕ್ಕರೆ ಇಳಿಸುತ್ತದೆ. ಶುಗರ್ ಮಾತ್ರೆಯ ಜೊತೆ ಸೇರಿದರೆ ಜಾಸ್ತಿಯೇ ಇಳಿಯಬಹುದು, ಡಾಕ್ಟರಿಗೆ ಹೇಳಿಯೇ ಕುಡಿಯಿರಿ.

ರೆಡಿಮೇಡ್ ಪುಡಿಗಳ ಬಗ್ಗೆ ನನ್ನದು ಒಂದೇ ನಿಯಮ. ಯಾವ ಮೂಲಿಕೆ ಎಷ್ಟು ಗ್ರಾಂ ಅಂತ ಬರೆದಿಲ್ಲದಿದ್ದರೆ ಕೊಳ್ಳುವುದಿಲ್ಲ. ಜೇಷ್ಠಮಧು ಇದ್ದರೆ ಬಿಪಿ ಇರುವವರು ಮುಟ್ಟಬಾರದು, ಅದು ಬಿಪಿ ಏರಿಸುತ್ತದೆ.

ಶುರು ಮಾಡಿದ ದಿನವನ್ನೂ ಮುಟ್ಟಾದ ದಿನವನ್ನೂ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಸುರಿಯಾಗಿರಬಹುದು ಅನಿಸಿದರೆ ಎಲ್ಲ ಕಷಾಯ ನಿಲ್ಲಿಸಿ ಪರೀಕ್ಷೆ ಮಾಡಿಸಿ. ಮೂರು ತಿಂಗಳು ನೋಡಿದರೂ ಬದಲಾವಣೆ ಇಲ್ಲದಿದ್ದರೆ ಬಿಟ್ಟುಬಿಡಿ. 90 ದಿನವಾದರೂ ಮುಟ್ಟಾಗದಿದ್ದರೆ ಕಾಯಬೇಡಿ, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ಆ ಕ್ಯಾಲೆಂಡರನ್ನೇ ಕೈಯಲ್ಲಿ ಹಿಡಿದು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ.