ಐ, ಮಿ, ಮೈನ್: ಇಂಗ್ಲಿಷ್ ಸರ್ವನಾಮ ಎಡವದೆ ಬಳಸುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರನ್ನು ಕೇಳಿ ನೋಡಿ. ಪರ್ಸನಲ್, ಪೊಸೆಸಿವ್, ರಿಫ್ಲೆಕ್ಸಿವ್, ರಿಲೇಟಿವ್ ಅಂತ ಪ್ರೊನೌನ್‌ನ ಬಗೆಗಳನ್ನು ಸರಸರ ಹೇಳುತ್ತಾರೆ. ಇಂಟರ್‌ವ್ಯೂಗೆ ಕೂತರೆ ಮಾತ್ರ ಮೊದಲ ಮಾತೇ 'ಮೈಸೆಲ್ಫ್ ಮಂಜುನಾಥ'! ಹೆಸರುಗಳ ಪಟ್ಟಿ ಆಮೇಲೆ ನೋಡೋಣ. ಮೊದಲು ಯಾವ ಪದ ಎಲ್ಲಿ ಕೂರುತ್ತದೆ ಅನ್ನುವುದನ್ನು ತಿಳಿಯೋಣ.

1. ಕ್ರಿಯಾಪದ ಹುಡುಕಿ. ಅದಕ್ಕಿಂತ ಮೊದಲು, ಕೆಲಸ ಮಾಡುವವರ ಜಾಗದಲ್ಲಿ ಐ, ಹಿ, ಶಿ, ವಿ, ದೇ. ಅದರ ನಂತರ, ಇಲ್ಲವೇ ಟು, ಫಾರ್, ವಿತ್ ಆದ ಮೇಲೆ ಮಿ, ಹಿಮ್, ಹರ್, ಅಸ್, ದೆಮ್. ಯು ಮತ್ತು ಇಟ್ ಎರಡೂ ಕಡೆ ಹಾಗೇ ಇರುತ್ತವೆ. 'ಐ ಕಾಲ್ಡ್ ಹಿಮ್, ಹಿ ಕಾಲ್ಡ್ ಮಿ.' ಇಬ್ಬರು ಸೇರಿದಾಗಲೇ ಗೊಂದಲ. 'ಶಿ ಕಾಲ್ಡ್ ಮೈ ಬ್ರದರ್ ಆ್ಯಂಡ್...' ಮುಂದೆ ಐ ಬೇಕೋ, ಮಿ ಬೇಕೋ? ಸುಮ್ನೆ ಅಣ್ಣನನ್ನು ವಾಕ್ಯದಿಂದ ತೆಗೆದುಬಿಡಿ. 'ಶಿ ಕಾಲ್ಡ್ ಐ' ಅನ್ನೋದಿಲ್ಲ, ಅಲ್ವಾ? ಹಾಗಾದರೆ ಮಿ.

2. ಅಪ್ಪನಿಗೂ 'ಹಿ' ಅನ್ನಿ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ. 'ಮೈ ಫಾದರ್ ಈಸ್ ಎ ಫಾರ್ಮರ್. ದೇ ಗ್ರೋ ಚಿಲ್ಲಿ' ಅಂತ ಬ್ಯಾಡಗಿ ಕಡೆಯ ಹುಡುಗಿ ಹೇಳಿದರೆ ನಮಗೆ ಸರಿಯಾಗಿಯೇ ಕೇಳುತ್ತದೆ. ಅಪ್ಪನನ್ನು 'ಅವನು' ಅನ್ನುವುದು ಹೇಗೆ? ಆದರೆ ಇಂಗ್ಲಿಷಿನವರು ಆ 'ದೇ' ಯಾರು, ಎಷ್ಟು ಜನ ಅಂತ ಹುಡುಕುತ್ತಾರೆ. ಅಪ್ಪ, ಪ್ರಿನ್ಸಿಪಾಲರು, ಜಿಲ್ಲಾಧಿಕಾರಿ ಯಾರೇ ಇರಲಿ, ಒಬ್ಬರಿದ್ದರೆ ಹಿ ಅಥವಾ ಶಿ. ಅದರಲ್ಲಿ ಅಗೌರವ ಏನೂ ಇಲ್ಲ. 'ಬರ್ರಿ, ಕೂಡ್ರಿ' ಅಂತ ಕ್ರಿಯಾಪದಕ್ಕೇ ಮರ್ಯಾದೆ ಹಚ್ಚುವ ಜನ ನಾವು. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಸರ್, ಪ್ಲೀಸ್, ಕುಡ್ ಯು ಮಾಡುತ್ತವೆ. ನಾನೂರು ವರ್ಷದ ಹಿಂದೆ ಅವರಲ್ಲೂ ಸಲುಗೆಯ 'ದೌ' (ನಮ್ಮ 'ನೀನು' ಇದ್ದಂತೆ) ಬಳಕೆಯಲ್ಲಿತ್ತು. ಈಗ ಎಲ್ಲರಿಗೂ ಯು. ಒಬ್ಬರಿಗೇ 'ದೇ' ಬಳಸುವ ಸಂದರ್ಭವೂ ಉಂಟು. ಗಂಡೋ ಹೆಣ್ಣೋ ಗೊತ್ತಿಲ್ಲದಾಗ 'ಸಮ್‌ಬಡಿ ಲೆಫ್ಟ್ ದೇರ್ ಅಂಬ್ರೆಲಾ' ಅನ್ನುತ್ತಾರೆ. ಈ ದೇರ್ ಅಂದರೆ 'ಅಲ್ಲಿ' ಅಲ್ಲ, ದೇ ಪದದ 'ಅವರ' ಎನ್ನುವ ರೂಪ.

3. ಕರ್ತೃವಿನ ಜಾಗ ಖಾಲಿ ಬಿಡಬೇಡಿ. 'ಬಂದೆ' ಅಂದರೆ ನಮಗೆ ಸಾಕು, 'ನಾನು' ಅದರಲ್ಲೇ ಇದೆ. ಇಂಗ್ಲಿಷಿಗೆ 'ಐ ಕೇಮ್' ಬೇಕೇ ಬೇಕು. ಮಳೆ ಬರುತ್ತಿದ್ದರೂ 'ಇಟ್ ಈಸ್ ರೇನಿಂಗ್'. ಆ ಇಟ್ ಯಾವುದು ಅಂತ ಕೇಳಬೇಡಿ, ಜಾಗ ತುಂಬಲು ಕೂತಿದೆ ಅಷ್ಟೇ.

4. ಒಂದು ಕೆಲಸಕ್ಕೆ ಇಬ್ಬರು ಬೇಡ. ಲೈನ್ ಬಜಾರಿನಲ್ಲಿ ಕೊಂಡ ಪೇಡೆಯ ಬಗ್ಗೆ ಹೇಳುವಾಗ 'ದ ಪೇಡಾ ವಿಚ್ ಐ ಬಾಟ್ ಇಟ್' ಅನ್ನುವವರಿದ್ದಾರೆ. ವಿಚ್ ಬಂದ ಮೇಲೆ ಇಟ್ ಯಾಕೆ? 'ದ ಪೇಡಾ ವಿಚ್ ಐ ಬಾಟ್' ಸಾಕು. ಮನುಷ್ಯರಿಗಾದರೆ ಹೂ, ವಸ್ತುವಿಗೆ ವಿಚ್. ದ್ಯಾಟ್ ಎರಡಕ್ಕೂ ನಡೆಯುತ್ತದೆ.

5. ಮೈಸೆಲ್ಫ್ ಯಾವಾಗ? ಮಾಡಿದವರೂ ಅನುಭವಿಸಿದವರೂ ಒಬ್ಬರೇ ಆದಾಗ: 'ಐ ಹರ್ಟ್ ಮೈಸೆಲ್ಫ್'. 'ನಾನೇ ಮಾಡಿದೆ' ಅಂತ ಒತ್ತಿ ಹೇಳಲು: 'ಐ ಡಿಡ್ ಇಟ್ ಮೈಸೆಲ್ಫ್'. ಹೆಸರು ಹೇಳಲು 'ಐ ಆ್ಯಮ್ ಮಂಜುನಾಥ' ಸಾಕು.

6. ಇಟ್ಸ್ ಬಿಡಿಸಿ ಓದಿ. ಹುಬ್ಬಳ್ಳಿ ಸ್ಟೇಷನ್ನಿನ ಉದ್ದನೆಯ ಪ್ಲಾಟ್‌ಫಾರ್ಮ್ ಗೊತ್ತಲ್ಲ? 'ಇಟ್ಸ್ ಲೆಂತ್ ಈಸ್ 1,507 ಮೀಟರ್ಸ್' ಎಂದು ಬರೆಯುವಾಗ ಅಪಾಸ್ಟ್ರಫಿ (ಟಿ ಮತ್ತು ಎಸ್ ನಡುವೆ ಮೇಲೆ ಹಾಕುವ ಪುಟ್ಟ ಗುರುತು) ಇಲ್ಲ, ಅದು 'ಅದರ'. 'ಇಟ್ಸ್ ವೆರಿ ಲಾಂಗ್' ಎಂದರೆ ಅಪಾಸ್ಟ್ರಫಿ ಬೇಕು, ಅದು ಇಟ್ ಈಸ್.

ಉಳಿದವು ಸಲೀಸು. ದಿಸ್ ಒಂದಕ್ಕೆ, ದೀಸ್ ಹಲವಕ್ಕೆ. ಎವ್ರಿಬಡಿ ಅಂದರೆ ಎಲ್ಲರೂ ಆದರೂ ಕ್ರಿಯಾಪದ ಏಕವಚನ: 'ಎವ್ರಿಬಡಿ ಈಸ್ ಹಿಯರ್'. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವಾಗ ಮೈ ಬೇಕೋ, ಮೈನ್ ಬೇಕೋ ಅಂತ ಅನುಮಾನ ಬಂದರೆ, ಬಿಟ್ಟ ಜಾಗದ ಮುಂದಿನ ಪದ ನೋಡಿ. ಬ್ಯಾಗ್, ಪೆನ್ ಅಂತ ನಾಮಪದ ಇದ್ದರೆ ಮೈ, ಅಲ್ಲಿಗೇ ವಾಕ್ಯ ಮುಗಿದರೆ ಮೈನ್.